ಕಥೆಯಿಲ್ಲದ ಸೈಕಲ್

"ಎತ್ತಿ ಹಿಡ್ಕೋ. ಹಿಂದಿನ ಚಕ್ರ ನೆಲಕ್ಕೆ ತಾಕಬಾರದು," ಎಂದ ನಿಶೋನ್.

ಹೋಸಿಯತ್ ಸೀಟಿನ ಕೆಳಗೆ ಎರಡೂ ಕೈ ಕೊಟ್ಟು ಸೈಕಲ್ಲನ್ನು ಎತ್ತಿದಳು. ಅವಳ ಗಂಡ ನಿಶೋನ್ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸರಿಯಿದ್ದ ಎಡಗೈಯಿಂದ ಪೆಡಲ್ಲನ್ನು ಒಮ್ಮೆ ಜೋರಾಗಿ ತಿರುಗಿಸಿ ಬಿಟ್ಟ. ಚಕ್ರ ಸುತ್ತತೊಡಗಿತು. ಅವನು ಬಗ್ಗಿ, ಚಕ್ರದ ನಡುವಿನ ಹಬ್‌ನ ಹತ್ತಿರ ಕಿವಿ ತಂದು ಕಣ್ಣು ಮುಚ್ಚಿದ. ಸುತ್ತ ಪಟ್ಟಣದ ಭಾನುವಾರದ ಸಂತೆ ಗಿಜಿಗುಡುತ್ತಿತ್ತು. ಕರ್ಬೂಜದವನೊಬ್ಬ ತನ್ನ ಹಣ್ಣಿನ ಸಿಹಿಯನ್ನು ಹಾಡಿ ಹೊಗಳುತ್ತಿದ್ದ. ಹಳೆಯ ರೇಡಿಯೋ ಮಾರುವವನು ಒಂದೇ ಸಲಕ್ಕೆ ಮೂರು ರೇಡಿಯೋ ಹಚ್ಚಿಟ್ಟಿದ್ದ. ಈ ಗಲಾಟೆಯಲ್ಲಿ ಅವನಿಗೆ ಏನು ಕೇಳಿಸುತ್ತಿದೆಯೋ ಅವಳಿಗೆ ತಿಳಿಯಲಿಲ್ಲ.

"ಬೇಡ," ಎಂದ ಅವನು ನೆಟ್ಟಗಾಗುತ್ತ. "ಬೇರಿಂಗ್ ಅಳ್ತಾ ಇದೆ."

ಅದು ನಾಲ್ಕನೆಯದು. ಮೊದಲನೆಯದರ ರಿಮ್ಮು ಡೊಂಕಾಗಿತ್ತು. ಎರಡನೆಯದರ ಹ್ಯಾಂಡಲ್ ಬೆಸುಗೆ ಹಾಕಿದ್ದು. ಮೂರನೆಯದನ್ನು ನೋಡಿ ಅವನು ಮುಟ್ಟಲೂ ಇಲ್ಲ, "ಇದಕ್ಕೆ ಹೊಸ ಬಣ್ಣ ಬಳಿದಿದ್ದಾರೆ. ಹೊಸ ಬಣ್ಣದ ಹಳೇ ಸೈಕಲ್, ಹೆಣ್ಣು ನೋಡೋಕೆ ಹೊರಟ ಮುದುಕ, ಎರಡನ್ನೂ ನಂಬಬಾರದು" ಎಂದು ಮುಂದೆ ನಡೆದಿದ್ದ. ಹೋಸಿಯತ್ ಬಾಯಿಗೆ ಶಾಲಿನ ಅಂಚು ಅಡ್ಡ ಹಿಡಿದು ನಕ್ಕಿದ್ದಳು. ಕಾಯಿಲೆ ಬಿದ್ದ ಮೇಲೆ ಅವನು ಇಷ್ಟು ಮಾತಾಡಿದ್ದೇ ಇರಲಿಲ್ಲ.

ಅವಳು ಮರ್ಗಿಲಾನ್ ಪಟ್ಟಣದ ಒಂದು ರೇಷ್ಮೆ ಕೆಲಸದ ಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಮೋಡ ಕಟ್ಟುವವಳು. ನೇಯುವ ಮೊದಲೇ ಹಾಸಿನ ಎಳೆಗಳನ್ನು ಉದ್ದಕ್ಕೆ ಚಾಚಿ, ಇದ್ದಿಲಿನಲ್ಲಿ ಬರೆದ ಗುರುತಿನ ಮೇಲೆ ದಾರ ಬಿಗಿದು ಗಂಟು ಹಾಕಬೇಕು. ಗಂಟಿನ ಒಳಕ್ಕೆ ಬಣ್ಣ ಇಳಿಯುವುದಿಲ್ಲ, ಅಂಚಿನಲ್ಲಿ ಮಾತ್ರ ಒಂದಿಷ್ಟು ಜಿನುಗುತ್ತದೆ. ಆ ಜಿನುಗಿನಿಂದ ಬಟ್ಟೆಯ ಚಿತ್ತಾರ ಮೋಡದ ಹಾಗೆ ಕರಗಿದಂತೆ ಕಾಣುತ್ತದೆ, ಅದಕ್ಕೇ ಕೆಲಸಕ್ಕೆ ಆ ಹೆಸರು. ಇಬ್ಬರು ಎದುರುಬದುರು ಕೂತು ಕಟ್ಟಬೇಕು. ಒಬ್ಬಳು ಬಾರದಿದ್ದರೆ ಇನ್ನೊಬ್ಬಳೂ ಕೈಕಟ್ಟಿ ಕೂರುವುದೇ. ಎಂಟು ಗಂಟೆಗೆ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿರಬೇಕು.

ಅವಳ ಊರು ತೋಲ್ಜೋರ್‌ನಿಂದ ಪಟ್ಟಣಕ್ಕೆ ಏಳು ಕಿಲೋಮೀಟರ್. ಬೆಳಗ್ಗೆ ಏಳಕ್ಕೆ ಹೊರಡುತ್ತಿದ್ದ ಒಂದೇ ಒಂದು ವ್ಯಾನಿನ ಯಜಮಾನ ಮಂಡಿನೋವಿನಿಂದ ಸಾಕಾಗಿ ಹಿಂದಿನ ವಾರ ವ್ಯಾನನ್ನು ಮಾರಿಬಿಟ್ಟ. ಸಂತೆಯ ದಿನ ಹತ್ತಾರು ವ್ಯಾನು ಬರುತ್ತವೆ, ಮಿಕ್ಕ ದಿನ ಮೊದಲನೆಯದು ಬರುವುದೇ ಒಂಬತ್ತೂವರೆಗೆ. ಒಂದು ವಾರ ಹೋಸಿಯತ್ ನಡೆದೇ ಹೋದಳು. ನಿಶೋನನಿಗೆ ಔಷಧಿ ಕೊಟ್ಟು, ಮುಖ ತೊಳೆಸಿ, ಚಹಾ ಇಟ್ಟು ಹೊರಡುವಷ್ಟರಲ್ಲಿ ಹೊತ್ತಾಗುತ್ತಿತ್ತು. ಅವಳು ಒಳಗೆ ಕಾಲಿಡುವಾಗ ಎದುರಿನ ಜಾಗದ ಸದೋಕತ್ ಬೆರಳ ನೆಟಿಗೆ ಮುರಿಯುತ್ತ ಕೂತಿರುತ್ತಿದ್ದಳು. ಕೆಲಸದ ಮನೆಯ ಯಜಮಾನಿ ಒಳ್ಳೆಯವಳೇ. "ಸೋಮವಾರ ಹೊಸ ಹಾಸು ಏರಿಸ್ತೀವಿ ಅಕ್ಕ," ಎಂದಿದ್ದಳು, ಅವಳ ಮುಖ ನೋಡದೆ. "ಎಂಟಕ್ಕೆ ಬರೋಕಾದ್ರೆ ಬನ್ನಿ. ಆಗದಿದ್ರೆ ಹೇಳಿ, ಬೇರೆಯವರನ್ನ ಕೂರಿಸ್ತೀನಿ. ಬೇಜಾರು ಮಾಡ್ಕೋಬೇಡಿ."

ನಮಂಗಾನ್‌ಗೆ ಮದುವೆಯಾಗಿ ಹೋಗಿದ್ದ ಮಗಳು ಫೋನಿನಲ್ಲಿ, "ಇನ್ನು ಸಾಕಮ್ಮ. ಅಪ್ಪನ ಜೊತೆ ಮನೇಲಿರಿ" ಎಂದಳು. ಹೋಸಿಯತ್ ಹೂಂ ಎಂದಳು. ಹೂಂ ಎಂದ ಮೇಲೆ ಅಂಗಳಕ್ಕೆ ಬಂದು ದ್ರಾಕ್ಷಿ ಚಪ್ಪರದ ಕೆಳಗೆ ಸುಮ್ಮನೆ ನಿಂತಳು. ಕೈಬೆರಳುಗಳು ಗಾಳಿಯಲ್ಲೇ ಗಂಟು ಹಾಕುತ್ತಿದ್ದವು.

ನಿಶೋನ್ ಮೂವತ್ತು ವರ್ಷ ನೀರಗಂಟಿಯಾಗಿದ್ದವನು. ನಾಲೆಯ ಏರಿಯ ಮೇಲೆ ಸೈಕಲ್ ತುಳಿದುಕೊಂಡು, ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ತೂಬು ತೆರೆದು ಮುಚ್ಚುತ್ತ ಊರೂರು ತಿರುಗಿದವನು. ಹೋದ ಚಳಿಗಾಲದಲ್ಲಿ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು. ಮುಖದ ಬಲ ಅರ್ಧ ಕೊಂಚ ಇಳಿದುಹೋಯಿತು. ನಡೆಯುವಂತಾದರೂ ಮನೆ ಬಿಟ್ಟು ಹೊರಗೆ ಹೋಗುತ್ತಿರಲಿಲ್ಲ. ಅವನ ಎತ್ತರದ ಗಂಡಸರ ಸೈಕಲ್ ಕೊಟ್ಟಿಗೆಯ ಗೋಡೆಗೆ ಒರಗಿತ್ತು. ಅದನ್ನು ಯಾರಾದರೂ ಮುಟ್ಟಿದರೆ ಅವನಿಗೆ ಒಳಗೆ ಕೂತಲ್ಲೇ ಗೊತ್ತಾಗುತ್ತಿತ್ತು. ಸೈಕಲ್ ಎಂಬ ಮಾತನ್ನೇ ಹೋಸಿಯತ್ ಅವನೆದುರು ಆಡಿರಲಿಲ್ಲ. ನಿನ್ನೆ ಮಧ್ಯಾಹ್ನ ಸೂಪಿಗೆ ರೊಟ್ಟಿ ಮುರಿದು ಹಾಕಿಕೊಳ್ಳುತ್ತ ಅವನೇ ಹೇಳಿದ: "ನಾಳೆ ಸಂತೆಗೆ ಹೋಗೋಣ. ನಾನೂ ಬರ್ತೀನಿ. ನಿನಗೆ ಸೈಕಲ್ ಗೊತ್ತಾಗಲ್ಲ."

ಅವಳು ಚಮಚ ಕೆಳಗಿಟ್ಟಿದ್ದಳು.

ಈಗ ಹೊಸ ಸೈಕಲ್ಲುಗಳ ಸಾಲಿಗೆ ಬಂದಿದ್ದರು. ಆಕಾಶದ ಬಣ್ಣದ್ದೊಂದು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಹೋಸಿಯತ್‌ಳ ಕೈ ತಾನಾಗಿಯೇ ಅದರ ಕೊಳವೆಯ ಮೇಲೆ ಹೋಯಿತು. ಇಂಥ ನೀಲಿ ಬರಬೇಕಾದರೆ ಬಣ್ಣದ ತೊಟ್ಟಿಯಲ್ಲಿ ಮೂರು ಸಲ ಅದ್ದಬೇಕು ಎಂದು ಅವಳ ಮನಸ್ಸು ಲೆಕ್ಕ ಹಾಕಿತು.

"ಮುಟ್ಟಿ ನೋಡಿ ಅಕ್ಕ, ಮುಟ್ಟಿದ್ದಕ್ಕೆ ಕಾಸು ಕೇಳಲ್ಲ," ಎಂದಳು ಮಾರುವವಳು. ಬಾಯಿ ತುಂಬ ಚಿನ್ನದ ಹಲ್ಲಿನ ದಪ್ಪ ಹೆಂಗಸು. "ಇಪ್ಪತ್ತೊಂದು ಗೇರು! ಬೆಟ್ಟ ಹತ್ತಿಸ್ಕೊಂಡು ಹೋಗುತ್ತೆ."

"ಬೆಟ್ಟ ಎಲ್ಲಿದೆ ಇಲ್ಲಿ?" ಎಂದ ನಿಶೋನ್.

"ಅದೇ ಕಾಣ್ತಿಲ್ವಾ ಅಣ್ಣ?" ಅವಳು ದಕ್ಷಿಣಕ್ಕೆ ಗಲ್ಲ ಎತ್ತಿದಳು. ದೂರದಲ್ಲಿ, ದೂಳಿನ ಆಚೆ, ಹಿಮದ ಸಣ್ಣ ಗೆರೆ.

"ಇವಳು ಹೋಗೋದು ಕೆಲಸಕ್ಕೆ ತಾಯಿ. ಹಿಮ ತರೋಕಲ್ಲ."

"ಬಣ್ಣ ಚೆನ್ನಾಗಿದೆ, ನೋಡ್ರಿ," ಎಂದಳು ಹೋಸಿಯತ್ ಮೆಲ್ಲಗೆ.

"ಬಣ್ಣಾನ ತುಳಿಯೋಕಾಗಲ್ಲ ಕಣೇ. ಈ ಗೇರು ಅನ್ನೋದಿದೆಯಲ್ಲ, ಮೊಹಲ್ಲಾ ಸಭೆ ಇದ್ದ ಹಾಗೆ. ಇಪ್ಪತ್ತೊಂದು ಜನ ಒಪ್ಪಿದ್ರೆ ಗಾಡಿ ಮುಂದಕ್ಕೆ. ಒಬ್ಬನ ಹಲ್ಲಿಗೆ ದೂಳು ಸಿಕ್ಕೊಂಡ್ರೆ ಎಲ್ಲಾ ಬಂದ್. ನಮ್ಮ ರಸ್ತೆ ದೂಳು ನಿನಗೆ ಗೊತ್ತಿಲ್ವಾ?"

"ನಿಮ್ಮನೇವ್ರು ಬಾಳಾ ಓದಿಕೊಂಡಿರೋ ಹಾಗಿದೆ," ಎಂದಳು ಚಿನ್ನದ ಹಲ್ಲಿನವಳು ಹೋಸಿಯತ್‌ಗೆ.

"ಓದಿಲ್ಲ, ತುಳಿದಿದ್ದಾರೆ," ಎಂದಳು ಹೋಸಿಯತ್. ಹಾಗೆಂದ ಮೇಲೆ ಗಂಡನ ಮುಖ ನೋಡಲು ಅಂಜಿದಳು. ಅವನು ಆಗಲೇ ಊರುಗೋಲೂರುತ್ತ ಮುಂದೆ ಹೋಗಿದ್ದ.

ಸಂತೆಯ ತುದಿಯಲ್ಲಿ, ತಗಡಿನ ನೆರಳಿನ ಕೆಳಗೆ ಒಬ್ಬ ಮುದುಕ ಮಡಿಸುವ ಕುರ್ಚಿಯ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸಿ ತಿನ್ನುತ್ತಿದ್ದ. ಸಂತೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಕ್ಟರ್, ಕೊರಿಯನ್ನರವನು. ಅಪ್ಪ ಅಮ್ಮನ ಕಾಲದಲ್ಲೇ ಈ ಕಣಿವೆಗೆ ಬಂದು ನೆಲೆಸಿದ ಮನೆಯವನು. ಅವನ ಹತ್ತಿರ ಇದ್ದದ್ದು ಆರೇ ಸೈಕಲ್. ಯಾವುದನ್ನೂ ಒರೆಸಿ ಇಟ್ಟಿರಲಿಲ್ಲ. ಕೊನೆಯಲ್ಲಿ ನಿಂತಿದ್ದ ಹೆಂಗಸರ ಸೈಕಲ್ಲಿನ ಬಣ್ಣ ಬೂದಿಯೋ ಹಸಿರೋ ಹೇಳುವಂತಿರಲಿಲ್ಲ. ನಡುವಿನ ಕೊಳವೆ ಬಾಗಿ ತಗ್ಗಿಗೆ ಇಳಿದಿತ್ತು. ಉದ್ದ ಅಂಗಿಯವಳೂ ಕಾಲೆತ್ತದೆ ಹತ್ತಬಹುದು. ಚೈನಿಗೆ ಆ ತುದಿಯಿಂದ ಈ ತುದಿಗೆ ಮುಚ್ಚಳ. ಅಗಲವಾದ ಮಡ್‌ಗಾರ್ಡ್, ದಪ್ಪ ಟೈರು, ಹಿಂದೆ ಭದ್ರವಾದ ಕ್ಯಾರಿಯರ್. ಹ್ಯಾಂಡಲ್ಲಿನಲ್ಲಿ ಗಂಟೆ ಬಿಟ್ಟರೆ ಇನ್ನೇನೂ ಇರಲಿಲ್ಲ.

"ಬ್ರೇಕ್ ಎಲ್ಲಿದೆ ಇದಕ್ಕೆ?" ಎಂದಳು ಹೋಸಿಯತ್.

"ಕಾಲಲ್ಲಿ," ಎಂದರು ಇಬ್ಬರೂ ಒಟ್ಟಿಗೆ. ಗಂಡಸರಿಬ್ಬರೂ ಮೊದಲ ಸಲ ಒಬ್ಬರನ್ನೊಬ್ಬರು ಸರಿಯಾಗಿ ನೋಡಿದರು.

"ಪೆಡಲ್ಲನ್ನ ಹಿಂದಕ್ಕೆ ಒತ್ತು, ನಿಲ್ಲುತ್ತೆ," ಎಂದ ನಿಶೋನ್. "ತಂತಿ ಇಲ್ಲ, ರಬ್ಬರಿಲ್ಲ. ಎಲ್ಲಾ ಚಕ್ರದ ಹಬ್‌ನ ಒಳಗೆ. ಮಳೆ ಬಂದ್ರೂ ಅಷ್ಟೆ, ಕೆಸರಾದ್ರೂ ಅಷ್ಟೆ."

"ವರ್ಷಕ್ಕೊಂದ್ಸಲ ನಾಲ್ಕು ಹನಿ ಎಣ್ಣೆ ಬಿಡಿ ಅಕ್ಕ," ಎಂದ ವಿಕ್ಟರ್. "ಮರೆತ್ರೂ ಮುನಿಸ್ಕೊಳ್ಳಲ್ಲ. ನನ್ನ ಹೆಂಡತಿಗಿಂತ ವಾಸಿ."

"ಇದರ ಕಥೆ ಏನು ವಿಕ್ಟರಣ್ಣ? ಯಾರದಿತ್ತು?" ಎಂದ ನಿಶೋನ್.

"ಕಥೆ ಗಿಥೆ ಏನಿಲ್ಲ. ಯಾರೋ ಓಡಿಸ್ತಿದ್ರು, ಚೆನ್ನಾಗಿತ್ತು, ಓಡಿಸ್ತಾನೇ ಇದ್ರು. ಕಥೆ ಇರೋ ಸೈಕಲ್ ಬೇಕಿದ್ರೆ ಆ ಸಾಲಲ್ಲಿ ಬೇಕಾದಷ್ಟಿವೆ. ಟ್ರಾಕ್ಟರಿಗೆ ಸಿಕ್ಕಿದ್ದು, ನಾಲೆಗೆ ಬಿದ್ದಿದ್ದು, ಅಳಿಯ ಕದ್ದು ತಂದಿದ್ದು."

ಹೋಸಿಯತ್ ಮತ್ತೆ ಸೀಟಿನ ಕೆಳಗೆ ಕೈ ಕೊಟ್ಟು ಎತ್ತಿದಳು. ನಿಶೋನ್ ಪೆಡಲ್ ತಿರುಗಿಸಿ ಕಿವಿ ಕೊಟ್ಟ. ಈ ಸಲ ತುಂಬ ಹೊತ್ತಾಯಿತು. ಚಕ್ರ ಸುತ್ತುತ್ತಲೇ ಇತ್ತು. ಕಡ್ಡಿಗಳು ಒಂದರೊಳಗೊಂದು ಕರಗಿ, ಬೆಳ್ಳಿಯ ತೆಳು ಬಟ್ಟೆಯೊಂದನ್ನು ಬಿಗಿದು ಕಟ್ಟಿದ ಹಾಗೆ ಕಾಣುತ್ತಿತ್ತು. ಅವಳ ತೋಳು ಸೋತಿತು, ಆದರೂ ಇಳಿಸಲಿಲ್ಲ. ಗಂಡನ ನೆತ್ತಿಯ ನರೆಗೂದಲು, ಮಾಸಿದ ಟೋಪಿಯ ಅಂಚು, ಮುಚ್ಚಿದ ರೆಪ್ಪೆ, ಎಲ್ಲ ಅವಳ ಕೈಗೆಟಕುವಷ್ಟು ಹತ್ತಿರದಲ್ಲಿದ್ದವು.

"ಮಾತೇ ಆಡ್ತಿಲ್ಲ," ಎಂದ ಅವನು ಕೊನೆಗೆ.

"ಅಂದ್ರೆ?"

"ಅಂದ್ರೆ ಚೆನ್ನಾಗಿದೆ. ಹತ್ತು."

"ಇಲ್ಲೇ?"

"ಮತ್ತೆ ಮನೇಲಿ ಮಂಚದ ಮೇಲೆ ಹತ್ತಿ ನೋಡ್ತೀಯಾ?"

ಐವತ್ತೊಂದು ವರ್ಷದ ಹೆಂಗಸು, ಸಂತೆಯ ನಡುವೆ! ಕೊನೆಯ ಸಲ ಅವಳು ಸೈಕಲ್ ತುಳಿದದ್ದು ಹದಿನಾರರಲ್ಲಿ. ಅಣ್ಣನ ಸೈಕಲ್ಲಿನ ಅಡ್ಡಕೊಳವೆಯ ಕೆಳಗಿಂದ ಕಾಲು ತೂರಿಸಿ, ಒಂದು ಪಕ್ಕಕ್ಕೆ ಜೋತುಬಿದ್ದು ಹೋಗುತ್ತಿದ್ದಳು. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದ ಮನೆಯಲ್ಲಿ ಸೊಸೆ ಸೈಕಲ್ ಹತ್ತುವ ಮಾತು ಯಾರ ಬಾಯಲ್ಲೂ ಬರಲಿಲ್ಲ; ಅವಳೂ ಕೇಳಲಿಲ್ಲ.

"ಹಿಂದೆ ಹಿಡ್ಕೋತೀರಾ?" ಎಂದಳು.

ನಿಶೋನ್ ತನ್ನ ಬಲಗಾಲಿನತ್ತ ನೋಡಿಕೊಂಡ. "ನಾನು ಹಿಡಿದ್ರೆ ಇಬ್ರೂ ಬೀಳ್ತೀವಿ. ಆ ಈರುಳ್ಳಿ ಮೂಟೆ ಸುತ್ತಿ ಬಾ. ಅಷ್ಟೆ."

ಅವಳು ಬಾಗಿದ ಕೊಳವೆಯ ಮೇಲಿಂದ ಕಾಲು ದಾಟಿಸಿದಳು. ನೆಲವನ್ನು ಎರಡು ಸಲ ಒದ್ದಳು. ಸೈಕಲ್ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಕರ್ಬೂಜದವನು ತನ್ನ ಹಾಡು ನಿಲ್ಲಿಸಿ "ಅಯ್ಯೋ, ಹಣ್ಣು! ಹಣ್ಣು!" ಎಂದು ಕೂಗಿದ. ಆಮೇಲೆ ಅದು ನೆಟ್ಟಗಾಯಿತು. ಹೇಗೆ ನೆಟ್ಟಗಾಯಿತು ಎಂದು ಅವಳಿಗೆ ಗೊತ್ತಾಗಲಿಲ್ಲ.

ಈರುಳ್ಳಿ ಮೂಟೆಗಳ ಹತ್ತಿರ ತಿರುಗಬೇಕಿತ್ತು. ತಿರುಗುವ ಧೈರ್ಯವಾಗಲಿಲ್ಲ. ಜನ ಬದಿಗೆ ಸರಿದು ದಾರಿ ಬಿಟ್ಟರು. ದಾರಿ ಇದ್ದ ಕಡೆ ಅವಳು ಹೋದಳು. ಸಂತೆಯ ಗೇಟು ಬಂತು, ಹೋಯಿತು. ಆಚೆ ರಸ್ತೆ ಇಳಿಜಾರಾಗಿತ್ತು; ಅವಳು ತುಳಿಯಲೇ ಇಲ್ಲ, ರಸ್ತೆಯೇ ಅವಳ ಕೆಳಗೆ ಹಿಂದಕ್ಕೆ ಹರಿಯಿತು. ಸಂತೆಯ ಸದ್ದು ಮೊದಲು ಒಂದು ಗುಂಗಾಗಿ, ಆಮೇಲೆ ಅದೂ ಇಲ್ಲವಾಯಿತು. ಎರಡೂ ಬದಿಗೆ ಪಾಪ್ಲರ್ ಮರಗಳು. ಎಲೆಗಳು ಅಲುಗುವಾಗ ಬಿಸಿಲು ಚೂರುಚೂರಾಗಿ ಅವಳ ಕೈಮೇಲೆ, ಮಡಿಲ ಮೇಲೆ ಬಿದ್ದು ಹಾರಿಹೋಗುತ್ತಿತ್ತು. ಹ್ಯಾಂಡಲ್ ಹಿಡಿದ ಕೈ ತನ್ನದೋ ಬೇರೆ ಯಾರದೋ ಎನ್ನಿಸಿತು. ಇದ್ದಿಲು ಮೆತ್ತಿದ ಆ ಉಗುರುಗಳನ್ನು ಅವಳು ಯಾವಾಗಲೂ ರೇಷ್ಮೆ ಎಳೆಯ ಮೇಲೆ ಬಗ್ಗಿದಾಗ ಮಾತ್ರ ನೋಡಿದ್ದಳು. ಈಗ ಅವುಗಳ ಹಿಂದೆ ನಾಲೆ ಹರಿಯುತ್ತಿತ್ತು, ಹತ್ತಿ ಹೊಲ ಸರಿಯುತ್ತಿತ್ತು, ಹತ್ತಿ ಬಿಡಿಸುವ ಹೆಂಗಸರ ಬಣ್ಣದ ತಲೆವಸ್ತ್ರಗಳು ಒಂದೊಂದಾಗಿ ಹಿಂದೆ ಬೀಳುತ್ತಿದ್ದವು. ಔಷಧಿ, ಚಹಾ, ಎಂಟು ಗಂಟೆ, ಸೋಮವಾರ, ಯಾವುದೂ ತಲೆಯಲ್ಲಿರಲಿಲ್ಲ. ಒಂದು ಹಾಡು ಬಂದಹಾಗಾಯಿತು. ಅದರ ಮಾತುಗಳು ನೆನಪಿರಲಿಲ್ಲ, ರಾಗ ಮಾತ್ರ ಉಸಿರಿನ ಜೊತೆ ಹೋಗಿ ಬಂತು. ನಾಲೆ ಎರಡಾಗಿ ಒಡೆಯುವ ತೂಬಿನವರೆಗೂ ಅವಳು ಹಾಗೇ ಹೋದಳು. ಅಲ್ಲಿ ನೀರು ಕಲ್ಲಿಗೆ ಬಡಿದು ನೊರೆಯಾಗಿ ಎರಡು ಪಾಲಾಗುತ್ತಿತ್ತು. ಅದನ್ನೂ ನೋಡುತ್ತ ದಾಟಿದಳು.

"ಅಕ್ಕಾ! ಓ ಅಕ್ಕಾ! ನಿಮ್ಮ ಶಾಲು!"

ಹೊಲದಿಂದ ಯಾರೋ ಹೆಂಗಸು ಕೂಗುತ್ತಿದ್ದಳು. ಹೋಸಿಯತ್ ಪೆಡಲ್ಲನ್ನು ಹಿಂದಕ್ಕೆ ಒತ್ತಿದಳು. ಸೈಕಲ್ ಒಂದು ಮಾತಿಲ್ಲದೆ ನಿಂತಿತು. ತಲೆ ಮುಟ್ಟಿಕೊಂಡರೆ ಬರೀ ಕೂದಲು. ಹಿಂದೆ, ರಸ್ತೆಯ ಮೇಲೆ, ಅವಳ ಹೂವಿನ ಶಾಲು ಬಿದ್ದಿತ್ತು. ಅದನ್ನು ಎತ್ತಿಕೊಂಡು ಕೊಡವಿ ತಲೆಯೆತ್ತಿದಳು. ಸೂರ್ಯ ನೆತ್ತಿಗೆ ಬಂದಿದ್ದ. ಮಧ್ಯಾಹ್ನದ ಮಾತ್ರೆ ಅವಳ ಚೀಲದಲ್ಲಿತ್ತು, ಚೀಲ ಅವಳ ಹೆಗಲಲ್ಲಿತ್ತು, ಅವನು ಅಲ್ಲಿ.

ವಾಪಸು ಬರುವಾಗ ಅದೇ ರಸ್ತೆ ಏರಾಗಿತ್ತು. ಅವಳು ಒಮ್ಮೆಯೂ ಇಳಿಯಲಿಲ್ಲ. ಬೆವರು ಕಣ್ಣಿಗಿಳಿಯಿತು, ತೊಡೆ ಉರಿಯಿತು. ಅವನು ಬಿದ್ದಿದ್ದರೆ? ಜನ ಸುತ್ತ ಸೇರಿದ್ದರೆ? ಗೇಟಿನೊಳಗೆ ನುಗ್ಗಿ ಕರ್ಬೂಜದವನನ್ನು ಎರಡನೇ ಸಲ ಹೆದರಿಸಿ, ತಗಡಿನ ನೆರಳಿನ ಹತ್ತಿರ ಬಂದು ನಿಂತಳು.

ನಿಶೋನ್ ವಿಕ್ಟರನ ಮಡಿಸುವ ಕುರ್ಚಿಯ ಮೇಲೆ ಕೂತು ಕರ್ಬೂಜದ ಹೋಳು ತಿನ್ನುತ್ತಿದ್ದ. ವಿಕ್ಟರ್ ಒಂದು ಟೈರಿನ ಮೇಲೆ ಕೂತಿದ್ದ.

"ಬಂದ್ರಪ್ಪ!" ಎಂದ ವಿಕ್ಟರ್ ಎರಡೂ ಕೈ ಎತ್ತಿ. "ಹೆಂಡತೀನೂ ಹೋದ್ಲು, ಸೈಕಲ್ಲೂ ಹೋಯ್ತು ಅಂತ ನಾನು ಬಡ್ಕೋತಾ ಇದ್ದೀನಿ, ಈ ಪುಣ್ಯಾತ್ಮ ಹಣ್ಣು ಕೊಯ್ದು ಕೊಡು ಅಂತಾನೆ!"

"ಮಾತ್ರೆ," ಎಂದಳು ಹೋಸಿಯತ್. ಚೀಲದೊಳಗೆ ಕೈ ಹಾಕಿದಳು. "ನಾನು... ತಿರುಗಿಸೋಕೆ ಬರಲಿಲ್ಲ ನೋಡ್ರಿ. ಆ ಮೂಟೆ ಹತ್ರ. ಆಮೇಲೆ..."

ಅವನು ಮಾತ್ರೆ ನುಂಗಿ, ವಿಕ್ಟರನ ಬಟ್ಟಲಿನ ತಣ್ಣನೆಯ ಚಹಾ ಕುಡಿದ. ಗಡ್ಡಕ್ಕಿಳಿದ ಹಣ್ಣಿನ ರಸ ಒರೆಸಿಕೊಂಡ.

"ನಾಲೇಲಿ ನೀರೆಷ್ಟಿದೆ?" ಎಂದ.

"ನಾನು ನಾಲೆ ಕಡೆ ಹೋದೆ ಅಂತ ಯಾರು ಹೇಳಿದ್ರು?"

"ಗೇಟು ದಾಟಿದ್ರೆ ಇಳಿಜಾರು. ಹೊಸಬರು ಹತ್ತಿದ ಸೈಕಲ್ಲು ಇನ್ನೆಲ್ಲಿಗೆ ಹೋಗುತ್ತೆ? ಎಷ್ಟಿದೆ?"

ಅವಳು ಕಣ್ಣು ಮುಚ್ಚಿ ನೆನೆದಳು. ನೋಡಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ, ಎಲ್ಲ ಇತ್ತು. "ತೂಬಿನ ಪಕ್ಕದ ಮೆಟ್ಟಿಲು ಮೂರು ಕಾಣ್ತಿತ್ತು. ನಾಲ್ಕನೇದು ಮುಳುಗಿತ್ತು. ನೀರು ಕೆಂಪಗಿದೆ. ನೊರೆ ಇತ್ತು. ಎಡಗಡೆ ಜಾಸ್ತಿ ಹೋಗ್ತಿತ್ತು, ಬಲಗಡೆ ಕಮ್ಮಿ. ಬಲಗಡೆ ಹಲಗೆ ಮುಂದೆ ಒಂದು ಕೊಂಬೆ ಸಿಕ್ಕೊಂಡಿದೆ."

"ಕೊಂಬೇನಾ, ಬುಡಾನಾ?"

"ಕೊಂಬೆ. ಎಲೆ ಇನ್ನೂ ಹಸಿರಾಗಿತ್ತು."

ನಿಶೋನ್ ತಲೆಯಾಡಿಸುತ್ತ ಕೇಳಿದ. ಎಡಗೈ ಬೆರಳುಗಳು ಮಂಡಿಯ ಮೇಲೆ ಏನನ್ನೋ ಅಳೆಯುತ್ತಿದ್ದವು. "ಕೆಂಪು ಅಂದ್ರೆ ಬೆಳಗ್ಗೆ ಬಿಟ್ಟಿದ್ದಾರೆ. ಗೋಧಿ ಬಿತ್ತೋರಿಗೆ. ಆ ಕೊಂಬೆ ತೆಗೀದೆ ಬಿಟ್ರೆ ನಮ್ಮೂರಿನ ಪಾಲು ಅರ್ಧ ಆಗುತ್ತೆ. ಹೊಸ ನೀರಗಂಟಿಗೆ ಕಣ್ಣಿಲ್ಲ." ಆಮೇಲೆ ಬೇರೆ ದನಿಯಲ್ಲಿ, "ಇನ್ನೇನು ನೋಡಿದೆ?" ಎಂದ.

ಅವಳು ಹೇಳಿದಳು. ಪಾಪ್ಲರ್ ಎಲೆ ಹಳದಿಯಾಗಲು ಶುರುವಾಗಿದೆ. ಏರಿಯ ಮೇಲಿನ ಕಾಲುದಾರಿಯಲ್ಲಿ ಹುಲ್ಲು ಮಂಡಿಯೆತ್ತರ ಬೆಳೆದಿದೆ. ಹತ್ತಿ ಎರಡನೇ ಸಲ ಬಿಡಿಸುತ್ತಿದ್ದಾರೆ. ಅವನು ಒಂದೊಂದಕ್ಕೂ ಹೂಂ ಎಂದ. ವಿಕ್ಟರ್ ಬೀಜ ತಿನ್ನುವುದನ್ನು ನಿಲ್ಲಿಸಿ ಅವರಿಬ್ಬರನ್ನೂ ನೋಡುತ್ತಿದ್ದವನು, ಎದ್ದು ಒಳಗಿನಿಂದ ಗಾಳಿ ಹೊಡೆಯುವ ಪಂಪು ತಂದು ಕ್ಯಾರಿಯರಿಗೆ ಕಟ್ಟಿದ. "ಇದು ನನ್ನ ಕಡೆಯಿಂದ," ಎಂದ.

ಹಣ ಎಣಿಸಿಕೊಟ್ಟು ವ್ಯಾನುಗಳು ನಿಲ್ಲುವ ಕಡೆ ಬಂದಾಗ ಹೋಸಿಯತ್ ಚಾಲಕನನ್ನು ಕೇಳಿದಳು, ಸೈಕಲ್ಲನ್ನು ಮೇಲೆ ಕಟ್ಟುತ್ತೀಯಾ ಎಂದು.

"ತಲೆ ಮೇಲೆ ಹೊರಿಸೋಕೆ ಸೈಕಲ್ ತಗೊಂಡ್ವಾ?" ಎಂದ ನಿಶೋನ್. "ನೀನು ಅದರಲ್ಲೇ ಬಾ."

"ನಿಮ್ಮನ್ನ ಒಬ್ಬರನ್ನೇ ಬಿಟ್ಟು?"

"ಒಬ್ಬನೇ ಎಲ್ಲಿ? ಎಂಟು ಜನ ಹೆಂಗಸರಿದ್ದಾರೆ ಒಳಗೆ. ಹೆದರಬೇಕಾದೋನು ನಾನು."

ವ್ಯಾನಿನೊಳಗೆ ನಗು ಎದ್ದಿತು. ಅವನು ಬಾಗಿಲ ಕಂಬಿ ಹಿಡಿದು ಎಡಗಾಲು ಮೇಲಿಟ್ಟ. ಬಲಗಾಲು ಬರಲು ಹೊತ್ತಾಯಿತು. ಹೋಸಿಯತ್ ಮೊಣಕೈ ಹಿಡಿಯಹೋದಳು. ಅವನು ತೋಳು ಕೊಡವಿಕೊಂಡ. ಅವಳು ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತು, ಬಲಗಾಲು ಒಂದು ಅಂಗುಲ, ಮತ್ತೊಂದು ಅಂಗುಲ ಮೇಲೇರುವುದನ್ನು ನೋಡಿದಳು. ಕೊನೆಗೆ ಅವನು ಕಿಟಕಿಯ ಪಕ್ಕ ಕೂತು ಉಸಿರು ಬಿಟ್ಟು, "ಹೊರಡು, ಹೊರಡು. ಇವನ ಗಾಡಿ ತುಂಬೋದು ಇನ್ನೂ ಅರ್ಧ ಗಂಟೆ" ಎಂದ.

ಅವಳು ಹೊರಟಳು. ಈ ಸಲ ಸೈಕಲ್ ವಾಲಲಿಲ್ಲ. ಮಧ್ಯಾಹ್ನದ ರಸ್ತೆ ಖಾಲಿಯಿತ್ತು. ತೂಬಿನ ಹತ್ತಿರ ಇಳಿದು, ಅಂಗಿಯ ತೋಳು ಮೇಲೇರಿಸಿ, ಮೆಟ್ಟಿಲ ಮೇಲೆ ಬಗ್ಗಿ ಆ ಕೊಂಬೆಯನ್ನು ಎಳೆದು ದಡಕ್ಕೆ ಹಾಕಿದಳು. ಬಲಗಡೆಯ ನೀರು ಒಮ್ಮೆ ಗೊಳಗೊಳ ಎಂದು ಉಬ್ಬಿ ಹರಿಯಿತು. ಒದ್ದೆ ಕೈ ಒರೆಸಿಕೊಳ್ಳದೆ ಮತ್ತೆ ಹತ್ತಿದಳು. ಗಾಳಿಗೆ ಅದು ತಾನಾಗಿ ಒಣಗಿತು.

ಅರ್ಧ ದಾರಿ ಸವೆದಾಗ ಮುಂದೊಂದು ಟ್ರಾಕ್ಟರ್ ಸಿಕ್ಕಿತು. ಬಲೆ ಕಟ್ಟಿದ ಎತ್ತರದ ಗಾಡಿಯ ತುಂಬ ಹತ್ತಿ ಹೇರಿಕೊಂಡು ರಸ್ತೆಯಗಲಕ್ಕೂ ತೂಗುತ್ತ ಆನೆಯ ಹಾಗೆ ಹೋಗುತ್ತಿತ್ತು. ಹೋಸಿಯತ್ ಅದರ ಹಿಂದೆ ನಿಧಾನವಾದಳು. ಬೆನ್ನ ಹಿಂದೆ ಹಾರನ್ ಕೇಳಿ ಬದಿಗೆ ಸರಿದಳು. ವ್ಯಾನು ಬಂದು, ಮುಂದೆ ಹೋಗಲು ಜಾಗವಿಲ್ಲದೆ ಅವಳ ಪಕ್ಕದಲ್ಲೇ ಟ್ರಾಕ್ಟರಿನ ನಡಿಗೆಗೆ ಇಳಿಯಿತು.

ಕಿಟಕಿಯಲ್ಲಿ ನಿಶೋನ್ ಇದ್ದ. ಗಾಜಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಟೋಪಿ ಹಿಂದಕ್ಕೆ ಸರಿದಿತ್ತು, ಬಾಯಿ ಒಂದಿಷ್ಟು ತೆರೆದಿತ್ತು. ಎಷ್ಟು ಹತ್ತಿರವಿದ್ದನೆಂದರೆ ಅವನ ಉಸಿರು ಗಾಜಿನ ಮೇಲೆ ಸಣ್ಣ ಮಂಜಾಗಿ ಮೂಡಿ ಮಾಯವಾಗುವುದು ಅವಳಿಗೆ ಕಾಣುತ್ತಿತ್ತು. ಒಳಗಿನಿಂದ ಯಾರೋ ಹೆಂಗಸು ಅವಳನ್ನು ಗುರುತಿಸಿ, ಅವನ ಹೆಗಲು ತಟ್ಟಲು ಕೈ ಚಾಚಿದಳು. ಹೋಸಿಯತ್ ಬೇಡವೆಂದು ತಲೆಯಾಡಿಸಿದಳು. ನಿದ್ದೆಯಲ್ಲಿ ಅವನ ಮುಖದ ಎರಡೂ ಅರ್ಧಗಳು ಒಂದೇ ಆಗಿದ್ದವು.

ಹಾಗೇ ಅವರು ಹೋದರು. ಇಬ್ಬರ ನಡುವೆ ಒಂದು ಗಾಜು. ಗಾಡಿಯ ಬಲೆಯಿಂದ ಬಿಡಿಸಿಕೊಂಡ ಹತ್ತಿಯ ಎಳೆಗಳು ಗಾಳಿಯಲ್ಲಿ ಇಳಿಯುತ್ತಿದ್ದವು, ವ್ಯಾನಿನ ಮೇಲೆ, ಅವಳ ಭುಜದ ಮೇಲೆ, ರಸ್ತೆಯ ಮೇಲೆ. ಒಂದು ಎಳೆ ಅವನ ಕೆನ್ನೆಯ ನೇರಕ್ಕೆ ಗಾಜಿಗೆ ಅಂಟಿಕೊಂಡಿತು.

ತಿರುವಿನಲ್ಲಿ ಟ್ರಾಕ್ಟರ್ ಹತ್ತಿ ಕಣದ ಕಡೆ ಹೊರಳಿತು. ವ್ಯಾನು ಒಮ್ಮೆ ಕೆಮ್ಮಿ ವೇಗ ಹಿಡಿಯಿತು. ಗಾಜು, ಟೋಪಿ, ಹಿಂದಿನ ಕೆಂಪು ದೀಪ ಒಂದರ ಹಿಂದೊಂದು ದೂಳಿನೊಳಗೆ ಹೋದವು. ದೂಳು ತಾನಾಗಿ ನೆಲಕ್ಕಿಳಿಯಲಿ ಎಂದು ಹೋಸಿಯತ್ ಅವಸರವಿಲ್ಲದೆ ತುಳಿಯುತ್ತ ಹೋದಳು.